ಬಾದಾಮಿ ಅಂದರೆ ಹೌದು, ದ್ರಾಕ್ಷಿ ಅಂದರೆ ಬೇಡ

ಮನೆಯವರ ಅಭಿಪ್ರಾಯ ಕೇಳುವುದರಲ್ಲಿ ನನ್ನಷ್ಟು ಧಾರಾಳಿ ಇನ್ನೊಬ್ಬ ಸಿಗಲಿಕ್ಕಿಲ್ಲ. ಕಿಟಕಿಗೆ ಯಾವ ಬಣ್ಣದ ಪರದೆ ತರೋಣ, ರಜೆಗೆ ಮಂಗಳೂರಿಗೆ ಯಾವಾಗ ಹೋಗೋಣ, ಎಲ್ಲವನ್ನೂ ಕೇಳುತ್ತೇನೆ. ಎಲ್ಲರೂ ಹೇಳಿ ಮುಗಿಸಿದ ಮೇಲೆ ನಾನು ಮೊದಲೇ ಅಂದುಕೊಂಡಿದ್ದನ್ನು ಮಾಡುತ್ತೇನೆ. ಈ ಅಭ್ಯಾಸಕ್ಕೂ ಒಂದು ಗೌರವದ ಹೆಸರಿದೆಯೆಂದು ತಿಳಿದದ್ದು ಮಾತ್ರ ಈಚೆಗೆ, ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂರುವ ಅಮೆರಿಕದ ಡೇವಿಡ್‌ನಿಂದ.

ಅವನ ಊರಿನ ಕೌಂಟಿಯಿಂದ, ಅಂದರೆ ನಮ್ಮ ಜಿಲ್ಲೆಯಂಥದ್ದರಿಂದ, ಮತಪತ್ರ ಬಂದಿತ್ತು. ಅಬುಧಾಬಿಯಲ್ಲಿ ಕೂತು ಊಟದ ಬಿಡುವಿನಲ್ಲಿ ಅದನ್ನು ತುಂಬುತ್ತಿದ್ದ. ಅಭ್ಯರ್ಥಿಗಳ ಹೆಸರು ಮುಗಿದ ಮೇಲೂ ಪ್ರಶ್ನೆಗಳು ಮುಗಿಯಲಿಲ್ಲ. ಗ್ರಂಥಾಲಯಕ್ಕೆಂದು ತೆರಿಗೆ ಹೆಚ್ಚಿಸಬಹುದೆ, ಹಿತ್ತಲಲ್ಲಿ ಕೋಳಿ ಸಾಕಬಹುದೆ, ಹೌದೋ ಅಲ್ಲವೋ. ನನಗೆ ಸಣ್ಣಗೆ ಹೊಟ್ಟೆಕಿಚ್ಚಾಯಿತು. ಗಲ್ಫಿಗೆ ಬಂದ ಮೇಲೆ ನಾನು ಮತ ಹಾಕಿದ್ದರೆ ಅದು ಟಿ.ವಿ.ಯ ಗಾಯನ ಸ್ಪರ್ಧೆಗೆ, ಅದೂ ಫೋನಿನಲ್ಲಿ. ಕೋಳಿ ಸಾಕಲು ನನ್ನ ಅಮ್ಮ ಯಾರನ್ನೂ ಕೇಳಿದವಳಲ್ಲ, ಕೋಳಿಯನ್ನಂತೂ ಕೇಳಿದ್ದೇ ಇಲ್ಲ. ಕೊನೆಯ ಪ್ರಶ್ನೆಯ ಮೇಲೆ ಬೆರಳಿಟ್ಟು ಡೇವಿಡ್, "ಇದು ಬರೀ ಸಲಹೆಗೆ. ಜನ ಏನೇ ಹೇಳಲಿ, ಕೌಂಟಿಯವರು ಅದರಂತೆ ನಡೆಯಲೇಬೇಕೆಂದಿಲ್ಲ" ಎಂದ. ಇಷ್ಟು ವರ್ಷ ನಾನು ಸಂಸಾರ ನಡೆಸಿದ್ದು ಇದೇ ಪದ್ಧತಿಯಲ್ಲಿ.

ಆ ವಾರ ನನಗೆ ಇಂಥದ್ದೊಂದು ಉಪಾಯ ಬೇಕಾಗಿಯೂ ಇತ್ತು. ನನ್ನ ಹೆಂಡತಿ ಐರಿನ್ ಅಬುಧಾಬಿಯ ಖಾಲಿದಿಯಾ ಬಡಾವಣೆಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಅವಳಿಗೆ ಅಲ್ ಐನ್‌ನ ಇನ್ನೊಂದು ಆಸ್ಪತ್ರೆಯಿಂದ ವಾರ್ಡ್ ಇನ್‌ಚಾರ್ಜ್ ಹುದ್ದೆಗೆ ಕರೆ ಬಂದಿತ್ತು. ಮಕ್ಕಳು ಚಿಕ್ಕವರಿದ್ದಾಗಲೂ ಒಮ್ಮೆ ಇಂಥ ಕರೆ ಬಂದು, ಬೇಡವೆಂದಿದ್ದಳು. ಮೂರನೆಯ ಸಲ ಯಾರೂ ಕರೆಯುವುದಿಲ್ಲ. ಒಪ್ಪಿದರೆ ಮನೆ ಅಲ್ ಐನ್‌ಗೆ ಸಾಗಬೇಕು, ನಾನು ದಿನಾ ಅಲ್ಲಿಂದ ಅಬುಧಾಬಿಗೆ ಒಂದೂವರೆ ತಾಸು ಕಾರು ಓಡಿಸಬೇಕು. ಮೀನು ಮಾರ್ಕೆಟ್ಟಿನವನ ಗುರುತು, ಸಂಜೆ ಸಮುದ್ರದ ಬದಿಯ ನಡಿಗೆ, ಕೆಳಗಿನ ಕೆಫೆಟೇರಿಯಾದ ಕಡಕ್ ಚಹಾ, ಎಲ್ಲ ಖಲಾಸ್. ಹೀಗೆಂದು ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ. "ನೋಡುವ, ನೋಡುವ" ಎನ್ನುತ್ತಲೇ ಮೂರು ವಾರ ದೂಡಿದ್ದೆ. ಸೋಮವಾರ ಅವಳು ಉತ್ತರ ಕೊಡಲೇಬೇಕಿತ್ತು.

"ವೋಟು ಹಾಕುವ" ಎಂದೆ ಶುಕ್ರವಾರ. "ಬರೀ ಸಲಹೆಗೆ. ಕೊನೆಯ ಮಾತು ನಿನ್ನದೇ."

ಐರಿನ್ ನನ್ನನ್ನೇ ನೋಡಿದಳು. "ನಿಮಗೆ ಬೇಡವಾದರೆ ಬೇಡ ಅಂತ ಹೇಳಿ ಮಾರಾಯ್ರೆ. ವೋಟೆಲ್ಲ ಎಂತಕ್ಕೆ?"

"ಛೆ, ಹಾಗೇನಿಲ್ಲ" ಎಂದೆ.

ನನ್ನ ಲೆಕ್ಕಾಚಾರ ಗಟ್ಟಿಯಾಗಿತ್ತು. ಮಕ್ಕಳ ಶಾಲೆ, ಗೆಳೆಯರು ಎಲ್ಲ ಇಲ್ಲೇ. ಇವನ್ನೆಲ್ಲ ಬಿಟ್ಟು ಅವರು ಎಲ್ಲಿಗೆ ಬಂದಾರು? ಆದರೂ ಎಚ್ಚರಿಕೆಗೆಂದು ಸಂಜೆ ಇಬ್ಬರನ್ನೂ ಕೆಳಗೆ ಕರೆದೊಯ್ದು ಷವರ್ಮಾ ಕೊಡಿಸಿ, ಅಲ್ ಐನ್‌ನ ಸೆಖೆಯ ಬಗ್ಗೆ ಒಂದಷ್ಟು ಪ್ರಚಾರ ಮಾಡಿದೆ. ಸಮಬಲವಾದರೆ 'ಬೇಡ' ಗೆದ್ದಂತೆ ಎಂಬ ನಿಯಮ ಸೇರಿಸಿದವನೂ ನಾನೇ. ಬಾದಾಮಿ ಅಂದರೆ ಹೌದು, ದ್ರಾಕ್ಷಿ ಅಂದರೆ ಬೇಡ. ಅಡುಗೆಮನೆಯಲ್ಲಿ ಹಾಲಿನ ಪುಡಿಯ ಖಾಲಿ ಡಬ್ಬಿ ಇಟ್ಟೆವು. ಎಲ್ಲರ ಕೈಗೂ ಒಂದು ಬಾದಾಮಿ, ಒಂದು ಒಣದ್ರಾಕ್ಷಿ ಕೊಟ್ಟೆ. ಒಬ್ಬೊಬ್ಬರೇ ಒಳಗೆ ಹೋಗಿ, ಬಾಗಿಲು ಮುಚ್ಚಿಕೊಂಡು, ಒಂದನ್ನು ಡಬ್ಬಿಗೆ ಹಾಕಿ ಇನ್ನೊಂದನ್ನು ತಿಂದುಬಿಡಬೇಕು.

ತಗಡಿನ ಡಬ್ಬಿಗೆ ಬಾದಾಮಿ ಬಿದ್ದರೆ ಸದ್ದಾಗುತ್ತದೆಂದು ನನಗೆ ಹೊಳೆದಿರಲಿಲ್ಲ. ಮೊದಲು ಮಗಳು ರಿಯಾ ಹೋದಳು. ಠಣ್. ಆಮೇಲೆ ಮಗ ಜೇಸನ್. ಮತ್ತೆ ಠಣ್. ಒಬ್ಬರ ಷವರ್ಮಾ ತಿಂದು ಇನ್ನೊಬ್ಬರಿಗೆ ಮತ ಹಾಕುವುದನ್ನು ಇಲ್ಲಿ ಹುಟ್ಟಿ ಬೆಳೆದ ಈ ಮಕ್ಕಳಿಗೆ ಯಾರೂ ಕಲಿಸಿರಲಿಲ್ಲ, ರಕ್ತದಲ್ಲೇ ಬಂದಿರಬೇಕು. ಅಲ್ ಐನ್‌ನಲ್ಲಿ ಬಾಡಿಗೆ ಕಡಿಮೆ, ಒಬ್ಬೊಬ್ಬರಿಗೆ ಒಂದೊಂದು ಕೋಣೆ ಸಿಗುತ್ತದೆ ಎಂಬ ಸಂಗತಿಯನ್ನು ಇಬ್ಬರೂ ನನಗಿಂತ ಮೊದಲೇ ಪತ್ತೆ ಮಾಡಿದ್ದರಂತೆ. ಈಗ ಸೋಫಾದಲ್ಲಿ ಫೋನು ಹಿಡಿದು ಏನೂ ಆಗದವರ ಹಾಗೆ ಕೂತಿದ್ದರು.

ಮೂರನೆಯವಳು ಐರಿನ್. ಅವಳ ಬಾದಾಮಿ ಬಿದ್ದರೆ ನನ್ನ ಕತೆ ಮುಗಿಯಿತು ಎಂದು ಕಿವಿಗೊಟ್ಟು ಕೂತೆ. ಫ್ರಿಜ್ಜಿನ ಗುಂಯ್ ಬಿಟ್ಟರೆ ಬೇರೆ ಸದ್ದೇ ಇಲ್ಲ. ಬಹಳ ಹೊತ್ತಾದ ಮೇಲೆ ಬಾಗಿಲು ತೆರೆದು ಹೊರಬಂದಳು, ಬಾಯಲ್ಲಿ ಏನನ್ನೋ ಅಗಿಯುತ್ತಿದ್ದಳು. ನನ್ನ ಪಕ್ಕದಲ್ಲಿ ಹಾದು ಹೋಗುವಾಗ ಹಲ್ಲಿನ ನಡುವೆ ಬಾದಾಮಿ ಕಟುಂ ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿತು.

ಈಗ ನನ್ನ ಸರದಿ. ಡಬ್ಬಿಯೊಳಗೆ ಇಣುಕುವ ಅಗತ್ಯವೇ ಇರಲಿಲ್ಲ. ಎರಡು ಹೌದು, ಒಂದು ಬೇಡ. ನಾನು ದ್ರಾಕ್ಷಿ ಹಾಕಿದರೆ ಸಮಬಲ, ನನ್ನದೇ ನಿಯಮದಂತೆ ನನ್ನದೇ ಗೆಲುವು. ಅಂಗೈಯ ಬೆವರಿಗೆ ಎರಡೂ ಅಂಟಿಕೊಂಡಿದ್ದವು. ಮೂರು ವಾರ ನನ್ನ ಮುಖ ನೋಡುತ್ತಾ ಅವಳು ಬಾಯಿ ಮುಚ್ಚಿಕೊಂಡೇ ಇದ್ದಳಲ್ಲ, ಅದು ನೆನಪಾಗಿ, ಗೆಲುವು ಕೈಯಲ್ಲೇ ಇದ್ದರೂ ನನಗೆ ಬಹಳ ನಾಚಿಕೆಯಾಯಿತು.

"ಡ್ಯಾಡ, ಯಲ್ಲಾ" ಎಂದು ಹೊರಗಿನಿಂದ ಅವಸರ ಮಾಡಿದ ಜೇಸನ್. "ವೈ ಸೋ ಲಾಂಗ್?"

ಸೋತ ಸದ್ದು ಹೊರಗೆ ಕೇಳಬಾರದೆಂದು ಕೈಯನ್ನು ಡಬ್ಬಿಯ ತಳದವರೆಗೂ ಇಳಿಸಿ ಮೆಲ್ಲಗೆ ಬಾದಾಮಿಯನ್ನು ಬಿಟ್ಟೆ. ದ್ರಾಕ್ಷಿಯನ್ನು ನುಂಗಿಕೊಂಡು ಹೊರಬಂದೆ.

ರಿಯಾ ಡಬ್ಬಿಯನ್ನು ಮೇಜಿನ ಮೇಲೆ ಸುರಿದಳು. ಮೂರು ಬಾದಾಮಿ, ಒಂದು ದ್ರಾಕ್ಷಿ. ಮಕ್ಕಳಿಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು.

"ದಟ್ಸ್ ಡ್ಯಾಡ" ಎಂದಳು ರಿಯಾ, ದ್ರಾಕ್ಷಿಯನ್ನು ತೋರಿಸಿ. "ಆಬ್ವಿಯಸ್ಲಿ."

ಐರಿನ್ ಬಾದಾಮಿಗಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅವಳ ಕಣ್ಣು ತುಂಬಿದ್ದವು. "ಅದು ಡ್ಯಾಡ ಹಾಕಿದ್ದಲ್ಲ" ಎಂದು ಶುರುಮಾಡಿದಳು.

"ನನ್ನದೇ" ಎಂದೆ ನಾನು ಅಡ್ಡಬಾಯಿ ಹಾಕಿ.

ಇದರಲ್ಲಿ ನನ್ನ ದೊಡ್ಡತನವೇನೂ ಇಲ್ಲ, ಹೇಳಿದ್ದು ಸುಳ್ಳೂ ಅಲ್ಲ. ಮೂರು ವಾರದಿಂದ ನಾನು ಹೇಳಲಾರದೆ ಇಟ್ಟುಕೊಂಡಿದ್ದ 'ಬೇಡ'ವನ್ನೇ ಅವಳು ನನ್ನ ಪರವಾಗಿ ಡಬ್ಬಿಗೆ ಹಾಕಿ ಬಂದಿದ್ದಳು.