ಊರಿಗೆಲ್ಲ ಒಂದೇ ನಂಬರು

ಮಾರೇಶನ ತೊಂದರೆಗೆಲ್ಲ ಮೂಲ ಅವನ ಒಳ್ಳೆಯತನ. ಹಿರೇಹಡಗಲಿ ಬಸ್ ನಿಲ್ದಾಣದ ಎದುರಿನ ಅವನ ಕಂಪ್ಯೂಟರ್ ಅಂಗಡಿಗೆ ಅರ್ಜಿ ತುಂಬಿಸಲು ಬಂದವರು ಫೋನಿಲ್ಲ ಅಂದರೆ ಸಾಕು, ಮೊಬೈಲ್ ನಂಬರಿನ ಜಾಗದಲ್ಲಿ ತನ್ನದನ್ನೇ ಹಾಕಿಬಿಡುತ್ತಿದ್ದ. ಆರು ವರ್ಷದಲ್ಲಿ ಅರ್ಧ ಊರಿನ ಪಡಿತರ, ಪಿಂಚಣಿ, ಗ್ಯಾಸಿನ ಮೆಸೇಜುಗಳೆಲ್ಲ ಅವನ ಫೋನಿಗೇ ನುಗ್ಗತೊಡಗಿದವು, ಸಂಜೆ ಹಟ್ಟಿಗೆ ನುಗ್ಗುವ ಕುರಿಗಳಂತೆ.

ಸಿಗ್ನಲ್ ಸರಿಯಾಗಿ ಸಿಗುವುದು ಕಿಟಕಿಯ ಹತ್ತಿರ ಮಾತ್ರ. ಒಂದೊಂದು ಓಟಿಪಿಗೂ ಎದ್ದು ಹೋಗಿ ಸೊಂಟ ಹಿಡಿದಿತ್ತು. ಹಾಗಾಗಿ ಆ ಸೋಮವಾರ ಬೆಳಿಗ್ಗೆ ಕಂಪ್ಯೂಟರಿನ ಬ್ರೌಸರಿನಲ್ಲಿ ಮೆಸೇಜಿನ ಪುಟ ತೆರೆದು, ಅಲ್ಲಿ ಮೂಡಿದ ಕೋಡನ್ನು ಫೋನಿನಿಂದ ಸ್ಕ್ಯಾನ್ ಮಾಡಿ, ಫೋನನ್ನು ಕಿಟಕಿಯಲ್ಲಿ ಮಲಗಿಸಿದ. ಇನ್ನು ಕೂತಲ್ಲೇ ಎಲ್ಲ ಓದಬಹುದು.

ಅದರಲ್ಲೂ ಅಂದು ಮಗಳು ಶಿವಗಂಗಾಳ ಸುದ್ದಿ ಬರುವುದಿತ್ತು. ವಸತಿ ಶಾಲೆಯ ಆರನೇ ತರಗತಿ, ಎರಡನೇ ಪಟ್ಟಿ. ಮೆಸೇಜು ಬಂದವರು ಸಂಜೆ ಐದರೊಳಗೆ ಒಪ್ಪಿಗೆ ಕೊಡದಿದ್ದರೆ ಸೀಟು ಮುಂದಿನವರಿಗೆ.

ಮಾರೇಶ ಮರೆತದ್ದು ಒಂದೇ. ಹೆಸರು ತಪ್ಪಿದ್ದರೆ ನೋಡಿ ಹೇಳಲಿ ಅಂತ ಗಿರಾಕಿಗಳ ಕಡೆಗೂ ಒಂದು ಪರದೆ ತಿರುಗಿಸಿಟ್ಟಿದ್ದ.

ಚಹಾ ಕೊಡಲು ಬಂದ ಹುಲುಗೇಶ ಅದರಲ್ಲಿ ಮೂಡುತ್ತಿದ್ದ ಮೆಸೇಜುಗಳನ್ನು ಗಟ್ಟಿಯಾಗಿ ಓದತೊಡಗಿದ. ರಾಮಣ್ಣನ ಪಿಂಚಣಿ ಅರ್ಜಿ ವಯಸ್ಸು ಸಾಲದೆ ವಾಪಸಾಗಿತ್ತು. ಐದು ವರ್ಷದಿಂದ ಅವನನ್ನು ಅಜ್ಜಾ ಎನ್ನುತ್ತಿದ್ದವರು ಈಗ ಏನನ್ನಬೇಕೆಂದು ತಿಳಿಯದೆ ಕೂತರು. ಮುಂದಿನದು ಶೃತಿ ಎಂಬವಳ ಗರ್ಭಿಣಿ ನೋಂದಣಿ. ಪಾಳಿಯಲ್ಲಿದ್ದ ಹೊನ್ನೂರಮ್ಮ ಮೆಲ್ಲಗೆ ಬೆಂಚಿನ ಮೇಲೆ ಕುಸಿದಳು.

"ನನ್ನ ಸೊಸೀನಾ? ಇನ್ನೊಮ್ಮಿ ಓದಪಾ."

ಹುಲುಗೇಶ ಐದು ಸಲ ಓದಿದ. ಆಕೆ ಕಣ್ಣೊರೆಸಿಕೊಂಡು, ಪಕ್ಕದ ಅಂಗಡಿಯಿಂದ ಸಕ್ಕರೆ ತಂದು ಎಲ್ಲರ ಬಾಯಿಗೂ ಹಾಕಿದಳು. ಹತ್ತು ನಿಮಿಷಕ್ಕೆ ಓಣಿಯವರೊಬ್ಬರ ಫೋನಿನಿಂದ ಶೃತಿಯ ಕರೆ ಬಂತು.

"ಅಣ್ಣಾ, ನಾನಿನ್ನಾ ನಮ್ಮ ಮನಿಯವರಿಗೇ ಹೇಳಿಲ್ರಿ. ಓಣಿ ಮಂದಿ ಬಂದು ನನಗ ಹೇಳಾಕತ್ಯಾರ."

ಬಾಯಲ್ಲಿ ಸಕ್ಕರೆ ಇಟ್ಟುಕೊಂಡೇ ಮಾರೇಶ ತಪ್ಪಾಯಿತೆಂದ.

ನಾಲ್ಕೂವರೆಯಾದರೂ ಮಗಳ ಮೆಸೇಜು ಬರಲಿಲ್ಲ. ತಡೆಯಲಾರದೆ ಶಾಲೆಯ ಪುಟ ತೆರೆದು ಅವಳ ಅರ್ಜಿ ಸಂಖ್ಯೆ ಹಾಕಿದ. ಕೊನೆಗೆ ನಲವತ್ತೇಳು ಇರುವ ನಂಬರಿಗೆ ಓಟಿಪಿ ಕಳಿಸಲಾಗಿದೆ ಅಂತ ಬಂತು. ಅವನ ನಂಬರಿನ ಕೊನೆಗೆ ಇದ್ದದ್ದು ಹನ್ನೆರಡು.

ಹೆಂಡತಿ ಕೋಮಲಾಗೆ ಫೋನ್ ಹಚ್ಚಿದ. ಅದು ಕರಿಸಿದ್ದಪ್ಪ ಕಾಕಾನ ನಂಬರೆಂದಳು. ಕರಿಸಿದ್ದಪ್ಪ ಅಂದರೆ ಪಕ್ಕದ ಮನೆಯ ಕುರಿ ಕಾಯುವ ಮುದುಕ. ಅವನದ್ಯಾಕೆ ಕೊಟ್ಟೆ ಅಂತ ಕೇಳಿದ.

"ನಾನೂ ಕೂಸೂ ಎರಡು ಸಲ ಅಂಗಡಿಗೆ ಬಂದ್ವಿ. ಪಾಳಿ ಐತಿ, ಸಂಜಿಗೆ ನೋಡೂಣು ಅಂದ್ರಿ. ಕಡೀಗೆ ಸಾಲ್ಯಾಗ ತುಂಬಿಸಿದೆ. ನಿಮ್ಮ ನಂಬರಿನ್ಯಾಗ ಊರೇ ತುಂಬೈತಿ, ನಮ್ಮ ಕೂಸಿನ ಸುದ್ದಿ ಅದರಾಗ ಕಳೀಬಾರದು ಅಂತ ಕಾಕಾಂದು ಕೊಟ್ಟೆ. ಆತಗ ಯಾರು ಮೆಸೇಜ್ ಮಾಡ್ತಾರ?"

ಮಾರೇಶ ಕಾಕಾನ ನಂಬರಿಗೆ ಫೋನ್ ಹಚ್ಚಿದ. ಗಡಿಯಾರ ಓಡುತ್ತಿತ್ತು. ಕರಿಸಿದ್ದಪ್ಪ ಮೈಲಾರದ ಕಡೆ ಒಂದು ಹೊಲದಲ್ಲಿ ಸಿಕ್ಕ.

"ಮುಂಜಾನಿಂದ ಏನೋ ಟಿಂಗ್ ಟಿಂಗ್ ಅಂತೈತಿ ತಮ್ಮಾ. ನನಗ ಅಕ್ಷರ ಬರೂದಿಲ್ಲ. ಅಂಕಿ ಬರ್ತಾವ."

ಕುರಿ ಎಣಿಸುವ ಹಾಗೆ ಒಂದೊಂದೇ ಅಂಕಿ ಹೇಳಿದ. ನಡುವೆ ಒಂದು ಆಡು ಯಾರದೋ ಜೋಳದೊಳಗೆ ಹೊಕ್ಕಿತೆಂದು ಓಡಿದ. ತಿರುಗಿ ಬರುವಷ್ಟರಲ್ಲಿ ಓಟಿಪಿಯ ಗಡುವು ಮುಗಿದು ಇನ್ನೊಂದನ್ನು ತರಿಸಬೇಕಾಯಿತು. ಪಾಳಿಯವರೆಲ್ಲ ಪರದೆಯ ಮುಂದೆ ಗುಂಪುಗೂಡಿದರು. ಐದಕ್ಕೆ ಎರಡು ನಿಮಿಷವಿರುವಾಗ ಶಿವಗಂಗಾಳ ಸೀಟು ಗಟ್ಟಿಯಾಯಿತು.

ಮಾರೇಶ ಮುಖ ಒರೆಸಿಕೊಂಡು ಎದ್ದು ನಿಂತ. ಇನ್ನು ಮುಂದೆ ಯಾರ ಅರ್ಜಿಗೂ ತನ್ನ ನಂಬರು ಹಾಕುವುದಿಲ್ಲ, ಸಂಜೆಯ ಹೊತ್ತು ಮಗಳದ್ದು ಅಂತ ಸಾರಿದ. ಯಾರೂ ಎದುರಾಡಲಿಲ್ಲ. ಅದೇ ಅವನಿಗೆ ಸೋಜಿಗ.

"ಬ್ಯಾಡ ಬಿಡಪಾ," ಅಂದಳು ಹೊನ್ನೂರಮ್ಮ. "ನನ್ನ ಸೊಸಿ ಬಸಿರಿನ ಕಾರ್ಡಿಗೆ ಆ ಕರಿಸಿದ್ದಪ್ಪಂದೇ ಹಾಕು. ಆತನ ಕಡಿ ಏನೂ ಕಳಿಯೂದಿಲ್ಲ."

ನಮ್ಮದಕ್ಕೂ ಅದೇ ಇರಲಿ ಅಂತ ಪಾಳಿಯೆಲ್ಲ ತಲೆಯಾಡಿಸಿತು.

"ಆತಗ ಓದಾಕ ಬರೂದಿಲ್ಲಬೇ," ಅಂದ ಮಾರೇಶ.

"ಅದಕ್ಕೇನಾತು? ದಿನಾ ಸಂಜಿಮುಂದ ಆತ ಕುರಿ ಎಲ್ಲಿ ಹೊಡಕೊಂಡು ಹೋಗ್ಯಾನೋ ಅಲ್ಲಿಗೇ ಹೋಗಿ ನೀನು ಓದಿಕೊಂಡು ಬಂದ್ರಾತು."