ಫೌಂಡ್ರಿಯ ಹೊಂಡ, ನನ್ನ ಖಾಲಿ ರಿಜಿಸ್ಟರ್

ಎಲ್ಲಿ ಏನು ಅನಾಹುತ ಆಗಬಹುದು ಅಂತ ಮೊದಲೇ ಹುಡುಕಿ ಬರೆಯೋದು ನನ್ನ ಕೆಲಸ. ಗ್ಯಾಸ್ ಆಫ್ ಮಾಡಿದ್ನೋ ಇಲ್ವೋ ಅಂತ ಬಸ್ಸಿಂದ ಇಳಿದು ಶಿವಮೊಗ್ಗದ ಸವಳಂಗ ರಸ್ತೆಯ ಮನೆಗೆ ವಾಪಸ್ ಓಡುವ ಹೆಂಗಸು ನಾನು. ಇಂಥವಳು ಭದ್ರಾವತಿಯ ಕಾರ್ಖಾನೆಗಳಿಗೆ ಸುರಕ್ಷತೆ ಹೇಳಿಕೊಡೋಕೆ ಹೋದರೆ ತಮಾಷೆಗೇನು ಬರ? ನ್ಯೂ ಟೌನಿನಾಚೆಯ ಒಂದು ಸಣ್ಣ ಫೌಂಡ್ರಿಯೇ ನನಗೆ ಸಾಕಾಗುವಷ್ಟು ಒದಗಿಸಿದೆ.

೧. ಕರೆಂಟು ಹೋದಾಗ

ಆ ಫೌಂಡ್ರಿಯ ನಟ್ಟನಡುವೆ ಆಳುದ್ದದ ಒಂದು ಹೊಂಡ. ಅದರೊಳಗೆ ಮರಳಿನ ಅಚ್ಚು ಇಟ್ಟು, ಕಾದ ಕಬ್ಬಿಣ ಸುರಿಯುತ್ತಾರೆ. ಸುತ್ತ ಕಂಬಿಯ ಕಟಾಂಜನ ಇಲ್ಲ, ಒಂದು ಹಗ್ಗವೂ ಇಲ್ಲ. ಮೊದಲ ದಿನ ನಾನು ಅದರ ಅಂಚಲ್ಲಿ ನಿಂತು ಬರೆದುಕೊಳ್ಳುವಾಗಲೇ ಕರೆಂಟು ಹೋಯಿತು. ಹಗಲಾದರೂ ಕಿಟಕಿಗಳಿಗೆಲ್ಲ ಮಸಿ ಮೆತ್ತಿ ಶೆಡ್ಡು ಕಗ್ಗತ್ತಲು. ನಾನು ಎತ್ತಿದ ಕಾಲು ಇಳಿಸದೆ ಪಕ್ಕದ ಕಂಬ ಹಿಡಿದೆ. ನನ್ನ ಸುತ್ತ ಮಾತ್ರ ಒಬ್ಬರೂ ನಿಲ್ಲಲಿಲ್ಲ! ಕೈಗಾಡಿ ಗಡಗಡ ಅಂತ ಹೋಯಿತು, ಯಾರೋ ಚಹಾ ಲೋಟ ಕಿಣಿಕಿಣಿ ಅನ್ನಿಸಿಕೊಂಡು ದಾಟಿದರು. ಕರೆಂಟು ಬಂದಾಗ ನೋಡಿದರೆ ಹೊಂಡದಲ್ಲಿ ಯಾರೂ ಇರಲಿಲ್ಲ. ಕಂಬ ತಬ್ಬಿಕೊಂಡಿದ್ದವಳು ನಾನೊಬ್ಬಳೇ.

"ಹೊಂಡ ಕಾಣದೆ ಹೇಗ್ರಪ್ಪಾ ನಡೆದ್ರಿ?" ಅಂದೆ.

ಗಾಡಿಯವನು ಅಂದ: "ಕಂಡ್ರೆ ತಾನೆ ಮೇಡಂ ಹೆದರಿ ಬೀಳೋದು?"

೨. ಬಿದ್ದದ್ದು, ಬೀಳದ್ದು

ಅಪಘಾತ ಕೂದಲೆಳೆಯಲ್ಲಿ ತಪ್ಪಿದರೆ ಅದನ್ನೂ ಬರೆದಿಡಬೇಕು ಅಂತ ಒಂದು ರಿಜಿಸ್ಟರ್ ಕೊಟ್ಟು ಬಂದಿದ್ದೆ. ತಿಂಗಳಾದರೂ ಮೊದಲ ಪುಟ ಹಾಲಿನಂತೆ ಬೆಳ್ಳಗಿತ್ತು. ಹೀಗಿರುವಾಗ ನನ್ನ ಕಣ್ಣೆದುರೇ ಮೇಲಿನ ತೊಲೆಯಲ್ಲಿ ಕೂತು ಕೆಲಸ ಮಾಡುತ್ತಿದ್ದವನ ಕೈಯಿಂದ ಮೊಳದುದ್ದದ ಸ್ಪ್ಯಾನರ್ ಜಾರಿ, ಗಾಡಿಯವನ ಕಿವಿ ಸವರಿಕೊಂಡು ನೆಲಕ್ಕೆ ಬಿತ್ತು. ಅವನು ಅದನ್ನು ಎತ್ತಿ ಒರೆಸಿ ಮೇಲಿದ್ದವನಿಗೆ ವಾಪಸ್ ಕೊಟ್ಟ.

"ಬರೀರಿ ಇದನ್ನ!" ಅಂದೆ.

"ಏನಂತ ಬರೀಲಿ? ಏನೂ ಆಗ್ಲಿಲ್ವಲ್ಲ. ತಲೆ ಮೇಲೆ ಬಿದ್ದಿದ್ರೆ ನೀವು ಹೇಳೋದೇ ಬೇಡ, ನಾನೇ ಬರೀತಿದ್ದೆ."

೩. ಹುಲಿಗೊಂದು ಬೇಲಿ

ಮಾಲೀಕರ ಹತ್ತಿರ ಹೋಗಿ ಹೊಂಡಕ್ಕೆ ಕಟಾಂಜನ ಹಾಕಿಸಿ ಅಂದೆ. ಅವರು ರಿಜಿಸ್ಟರ್ ತಿರುವಿ, "ಒಂದೂ ಇಲ್ವಲ್ಲ ಮೇಡಂ. ಒಂದಾದ್ರೂ ತೋರ್ಸಿ, ನಾಳೇನೇ ಹಾಕಿಸ್ತೀನಿ" ಅಂದರು.

"ತ್ಯಾವರೆಕೊಪ್ಪದ ಸಫಾರಿಯಲ್ಲಿ ಹುಲಿ ಯಾರನ್ನಾದ್ರೂ ತಿನ್ಲಿ ಅಂತ ಕಾದು ಬೇಲಿ ಹಾಕಿದ್ರಾ ಸಾರ್?"

"ಹುಲಿ ಓಡಾಡುತ್ತೆ ಮಾರಾಯ್ರೆ! ನಮ್ಮ ಹೊಂಡ ನಮ್ಮಪ್ಪನ ಕಾಲದಿಂದ ಇದ್ದ ಜಾಗ ಬಿಟ್ಟು ಕದಲಿಲ್ಲ."

೪. ಮೇಸ್ತ್ರಿಯ ಜಪ

ಕಬ್ಬಿಣ ಸುರಿಸುವ ಮೇಸ್ತ್ರಿ ತಮಿಳಿನವರು, ಅರವತ್ತರ ಹತ್ತಿರ. ಕುಲುಮೆಯ ಸದ್ದು ಕೇಳಿಯೇ "ಇನ್ನೂ ಐದು ನಿಮಿಷ" ಅನ್ನುತ್ತಿದ್ದರು. ಮೀಟರು ಆಮೇಲೆ ಹೌದು ಅನ್ನುತ್ತಿತ್ತು. ನಾನು ಬಾಯಿ ತೆರೆದು ನೋಡುತ್ತಿದ್ದೆ. ಅವರು ಹೊಂಡದ ಪಕ್ಕ ನಡೆಯುವಾಗ ತುಟಿ ಆಡುತ್ತಿತ್ತು. ಪಾಪ, ದೈವಭಕ್ತರು ಅಂದುಕೊಂಡಿದ್ದೆ. ಒಂದು ದಿನ ಹಿಂದೆಯೇ ಹೋಗಿ ಕಿವಿಗೊಟ್ಟರೆ, "ಒಣ್ಣು, ರೆಂಡು, ಮೂಣು..."

ಹೆಜ್ಜೆ ಎಣಿಸುತ್ತಿದ್ದರು! ಎರಡೂ ಕಣ್ಣಿಗೆ ಪೊರೆ ಬಂದಿತ್ತು.

"ಮಾಲೀಕರಿಗೆ ಹೇಳ್ಬೇಡಿ ಅಮ್ಮಾ, ಮನೆಗೆ ಕಳಿಸಿಬಿಡ್ತಾರೆ. ಏಳು ಹೆಜ್ಜೆಗೆ ಹೊಂಡ ಮುಗೀತದೆ."

ಹೇಳಿದರೆ ಅವರ ಕೆಲಸ ಹೋಗುತ್ತೆ, ಹೇಳದಿದ್ದರೆ ಯಾವತ್ತೋ ಒಂದು ದಿನ ಅವರೇ ಹೋಗುತ್ತಾರೆ.

"ನಡುವೆ ಯಾರಾದ್ರೂ ಮಾತಾಡಿಸಿ ಲೆಕ್ಕ ತಪ್ಪಿದ್ರೆ?"

"ಅದಕ್ಕೇ ಅಮ್ಮಾ, ನಾನು ಮಹಾ ಸಿಡುಕ ಅಂತ ಹೆಸರು ಮಾಡ್ಕೊಂಡಿರೋದು. ಯಾರೂ ಮಾತಾಡ್ಸಲ್ಲ."

೫. ಮೊದಲ ಪುಟ

ಮುಂದಿನ ವಾರ ಆರು ಜನರನ್ನು ನಿಲ್ಲಿಸಿಕೊಂಡು, ಕೆಲಸದ ಜಾಗದಲ್ಲಿ ಎಚ್ಚರ ಹೇಗಿರಬೇಕು ಅಂತ ಕೈ ಅಗಲಿಸಿ ಭಾಷಣ ಮಾಡುತ್ತಿದ್ದೆ. ಆವೇಶ ಬಂದರೆ ನಾನು ಹಿಂದೆ ಹಿಂದೆ ಸರಿಯುತ್ತೇನೆ. ಮೇಸ್ತ್ರಿ ದೂರದಲ್ಲಿ, ನಮಗೆ ಬೆನ್ನು ಹಾಕಿ, ಏನನ್ನೋ ಉಜ್ಜುತ್ತಿದ್ದರು.

"ನಿಲ್ಲಮ್ಮಾ!"

ಮೇಸ್ತ್ರಿಯ ಆ ಗರ್ಜನೆಗೆ ಕಲ್ಲಾದೆ. ತಿರುಗಿ ನೋಡಿದರೆ ನನ್ನ ಹಿಮ್ಮಡಿ ಹೊಂಡದ ಅಂಚಿನ ಮೇಲಿತ್ತು.

"ನೀವು ಆ ಕಡೆ ತಿರುಗಿದ್ರಲ್ಲ, ಹೇಗೆ ಗೊತ್ತಾಯ್ತು?"

"ನಿಮ್ಮ ದನಿ ಹೊಂಡದೊಳಗೆ ಹೋಗಿ ವಾಪಸ್ ಬರ್ತಿತ್ತು."

ನನ್ನ ಹದಿನೈದು ವರ್ಷದ ಚೆಕ್‌ಲಿಸ್ಟುಗಳನ್ನೆಲ್ಲ ಆ ಮನುಷ್ಯನ ಕಾಲಡಿ ಇಟ್ಟುಬಿಡೋಣ ಅನ್ನಿಸಿತು. ಅವರು ಮಾತ್ರ ರಿಜಿಸ್ಟರ್ ತರಿಸಿ, "ಬರ್ಕೊಳ್ಳಿ ಅಮ್ಮಾ, ನಾನು ಹೇಳ್ತೀನಿ" ಅಂದರು.

"ಏನೂ ಆಗ್ಲಿಲ್ವಲ್ಲ ಮೇಸ್ತ್ರೀ..." ಅಂದವಳು ನಾನೇ. ಆರೂ ಜನ ಬಿದ್ದು ಬಿದ್ದು ನಕ್ಕರು.

ಮಾಲೀಕರು ಆ ಪುಟ ಓದಿ ಬೆವರಿದರು. ಸುರಕ್ಷತೆಯ ಮೇಡಮ್ಮೇ ಹೊಂಡಕ್ಕೆ ಬಿದ್ದರೆ ಊರೆಲ್ಲ ಏನಂದೀತು! ಮಾರನೇ ದಿನವೇ ವೆಲ್ಡಿಂಗಿನವರು ಬಂದರು. ಹೇಗೂ ಕೆಲಸ ನಿಂತಿದೆ ಅಂತ ಕುಲುಮೆಯ ರಿಪೇರಿಯೂ ಸೇರಿ ಮೂರ್ನಾಲ್ಕು ವಾರ ರಜೆ. ಅಷ್ಟರಲ್ಲಿ ಮಾಲೀಕರಿಗೆ ಸುಳಿವು ಕೊಡದೆ ಮೇಸ್ತ್ರಿಯನ್ನು ಶಿವಮೊಗ್ಗಕ್ಕೆ ಕರೆತಂದು, ಒಂದಾದ ಮೇಲೆ ಒಂದು ಎರಡೂ ಕಣ್ಣಿನ ಪೊರೆ ತೆಗೆಸಿದೆ.

ಹೊಸ ಕಣ್ಣಲ್ಲಿ ಅವರು ಮೊದಲು ಓದಿದ್ದು ಅದೇ ಪುಟ. ನನ್ನದೇ ಕೈಬರಹ, ಅವರು ಹೇಳಿದ್ದರಲ್ಲಿ ಒಂದಕ್ಷರ ಬದಲಿಲ್ಲ:

"ಅಪಾಯದ ಮೂಲ: ಹಿಂದಕ್ಕೆ ನಡೆಯುವ ಮೇಡಂ. ಮತ್ತೆ ಆಗುವ ಸಾಧ್ಯತೆ: ಖಂಡಿತ. ಮುಂಜಾಗ್ರತೆ: ಕಟಾಂಜನ ಬರುವವರೆಗೆ ಮೇಡಂ ಮಾತು ನಿಲ್ಲಿಸಬಾರದು. ಎಲ್ಲಿದ್ದಾರೆ ಅಂತ ನಮಗೆ ತಿಳೀಬೇಕು."