ಮಾಂಟೋಯನ ಕಣ್ಣಿಗೆ ಹಸಿರು ಮೊಹರು

ಇಲಾಖೆಯ ಹಸಿರು ಮೊಹರು ಬಿದ್ದ ತಕ್ಕಡಿ ಸುಳ್ಳು ಹೇಳುವುದಿಲ್ಲ. ತಕ್ಕಡಿಗೂ ಅದರ ಮೇಲಿಟ್ಟ ವಸ್ತುವಿಗೂ ಭಿನ್ನಾಭಿಪ್ರಾಯ ಬಂದಲ್ಲಿ ವಸ್ತುವೇ ತಪ್ಪೆಂದು ಭಾವಿಸತಕ್ಕದ್ದು. ವಿಸ್ಕಾನ್ಸಿನ್ ರಾಜ್ಯದ ಕೆಟಲ್ ಕ್ರೀಕ್ ಕೌಂಟಿಯ ತೂಕ ಮತ್ತು ಅಳತೆ ಇಲಾಖೆ ಈ ನಿಯಮದ ಮೇಲೆಯೇ ನಿಂತಿದೆ. ಇಲ್ಲಿಯ ತನಕ ಯಾವ ಆಲೂಗಡ್ಡೆಯೂ ಮೇಲ್ಮನವಿ ಸಲ್ಲಿಸಿಲ್ಲ.

ಈ ಇಲಾಖೆಯ ಹಿರಿಯ ಪರಿವೀಕ್ಷಕ ಡ್ವೇನ್ ಪ್ರಾಕ್ನೋ. ಪೆಟ್ರೋಲ್ ಬಂಕಿನಲ್ಲಿ ಒಂದು ಚಮಚ ಕಡಿಮೆ ಬಿದ್ದರೂ ಹಿಡಿಯುವ ಆಸಾಮಿ. ಚೀಸ್ ಅಂಗಡಿಯವರು ದೂರದಲ್ಲಿ ಅವನ ಕಾರು ಕಂಡರೇ ತಕ್ಕಡಿ ಒರೆಸಲು ಶುರುಮಾಡುತ್ತಾರೆ. ಇಂಥವನಿಗೆ ಅಳೆಯಲು ಬಾರದ ವಸ್ತು ಲೋಕದಲ್ಲಿ ಒಂದೇ ಒಂದು ಇತ್ತು. ಅದು ಶಾರ್ಟ್‌ಸ್ಟಾಪ್.

ಬೇಸ್‌ಬಾಲ್ ಮೈದಾನದಲ್ಲಿ ಎರಡನೆಯ ಬೇಸಿಗೂ ಮೂರನೆಯ ಬೇಸಿಗೂ ನಡುವೆ ನಿಂತು, ಬಂದ ಚೆಂಡಿಗೆಲ್ಲ ಹಾರಿ ಬೀಳುವವನೇ ಶಾರ್ಟ್‌ಸ್ಟಾಪ್. ಇಲಾಖೆಯ ನೌಕರರು ಪ್ರತಿ ವಸಂತದಲ್ಲಿ ಸಭಾಕೊಠಡಿಯಲ್ಲಿ ಕೂತು, ನಿಜವಾದ ಆಟಗಾರರನ್ನು ಸರದಿಯ ಮೇಲೆ ಆರಿಸಿ, ಕಾಗದದ ಮೇಲೆ ತಂತಮ್ಮ ತಂಡ ಕಟ್ಟುತ್ತಾರೆ. ಆಮೇಲೆ ಬೇಸಿಗೆಯಿಡೀ ಆ ಆಟಗಾರರು ಎಲ್ಲೋ ಹೊಡೆದು ಓಡಿದ್ದಕ್ಕೆ ಇಲ್ಲಿ ಇವರಿಗೆ ಅಂಕ ಬೀಳುತ್ತದೆ. ಬೆವರು ಅವರದು, ಬಡಾಯಿ ಇವರದು. ಈ ಪಂದ್ಯಾವಳಿ ಶುರುಮಾಡಿದವನು ಡ್ವೇನನ ಅಪ್ಪ ಆರ್ವಿಲ್. ಹೀಟರಿನ ಪಕ್ಕದ ಮರದ ಕುರ್ಚಿ ಅವನದು. ಕೈಹಿಡಿಯ ಮೇಲೆ ಅವನ ಮೊಣಕೈ ಸವೆಸಿದ ಗುಳಿ ಇನ್ನೂ ಇದೆ. ಅಪ್ಪ ಹೋದ ಮೇಲೆ ಡ್ವೇನ್ ಅಲ್ಲಿ ಕೂತ. ಅವನ ಮೊಣಕೈ ಆ ಗುಳಿಗೆ ಸರಿಯಾಗಿ ಕೂತಿತು. ಅವನಿಗೆ ಅಪ್ಪನ ಮೇಲೆ ಬಹಳ ಪ್ರೀತಿ ಇತ್ತು. ಅದನ್ನು ಹೇಳಲು ಆ ಕುರ್ಚಿಯಲ್ಲಿ ಕೂರುವುದರ ಹೊರತು ಬೇರೆ ದಾರಿ ಗೊತ್ತಿರಲಿಲ್ಲ.

ನಿಯಮದ ಪ್ರಕಾರ ಕೊನೆಯ ಸ್ಥಾನ ಬಂದವನು ಒಂದು ದಿನ ಆಳೆತ್ತರದ ಸಾಸೇಜ್ ವೇಷ ತೊಟ್ಟು ಕರ್ತವ್ಯ ನಿರ್ವಹಿಸಬೇಕು. ಸತತ ಮೂರು ಸಲ ಕೊನೆಗೆ ಬಂದರೆ ಕುರ್ಚಿಯನ್ನೂ ಪಂದ್ಯಾವಳಿಯನ್ನೂ ಬಿಡಬೇಕು. ಡ್ವೇನ್ ಈಗಾಗಲೇ ಎರಡು ಸಲ ಸಾಸೇಜ್ ಆಗಿದ್ದ. ಎರಡೂ ಸಲ ಮುಳುಗಿಸಿದ್ದು ಶಾರ್ಟ್‌ಸ್ಟಾಪೇ. ಮೊದಲನೆಯವನನ್ನು ದವಡೆ ಗಟ್ಟಿಯಾಗಿದೆ ಎಂದು ಆರಿಸಿದ್ದ. ಎರಡನೆಯವನನ್ನು ವೈಜ್ಞಾನಿಕವಾಗಿ, ಟಿವಿ ಪರದೆಯ ಮೇಲೆ ಉಕ್ಕಿನ ಅಳತೆಪಟ್ಟಿ ಇಟ್ಟು ಜಿಗಿತ ಅಳೆದು ಆರಿಸಿದ್ದ; ಟಿವಿ ದೊಡ್ಡದೆಂಬುದು ಆಮೇಲೆ ತಿಳಿಯಿತು. ಕುರ್ಚಿ ಖಾಲಿಯಾದರೆ ಮುಂದಿನ ಸರದಿ ಯಾರದೆಂದರೆ ಅವನ ಹೆಂಡತಿ ಲೋರ್ನಾಳದು. ಪಂದ್ಯಾವಳಿ ಸೇರಲು ಕಾಯುವವರ ಪಟ್ಟಿಯಲ್ಲಿ ನೌಕರರ ಮನೆಯವರಿಗೂ ಜಾಗವಿತ್ತು; ಅವಳು ಹೆಸರು ಬರೆಸಿ ವರ್ಷಗಳಾಗಿದ್ದವು.

"ಆ ಕುರ್ಚಿಗೆ ಒಂದು ದಿಂಬು ಹೊಲೀತಿದೀನಿ," ಎಂದಳು ಲೋರ್ನಾ ಒಂದು ದಿನ. "ನೀಲಿನಾ, ಹಸಿರಾ?"

"ನಾನಿನ್ನೂ ಅದ್ರಲ್ಲಿ ಕೂತಿದೀನಿ ಕಣೆ!"

"ಕೂತ್ಕೋ, ಕೂತ್ಕೋ. ನಾನೇನು ಎಬ್ಬಿಸ್ತೀನಾ? ಅದಕ್ಕೆ ನಿನ್ನ ಶಾರ್ಟ್‌ಸ್ಟಾಪ್ ಇದಾನಲ್ಲ."

ಡ್ವೇನನಿಗೆ ಉರಿದುಹೋಯಿತು. ಈ ಸಲ ಅವನು ಅಳತೆಪಟ್ಟಿಯನ್ನು ಕೆಳಗಿಟ್ಟು ಬುದ್ಧಿ ಉಪಯೋಗಿಸಲು ನಿರ್ಧರಿಸಿದ. ಅನರ್ಥ ಶುರುವಾದದ್ದು ಅಲ್ಲಿಂದಲೇ.

ಆ ವರ್ಷದ ಒಳ್ಳೆಯ ಶಾರ್ಟ್‌ಸ್ಟಾಪ್ ಬ್ರಿಸೆನ್ಯೊ ಎಂಬ ಹುಡುಗ. ಕುರುಡನಿಗೂ ಗೊತ್ತಾಗುವಷ್ಟು ಚೆನ್ನಾಗಿ ಆಡುತ್ತಿದ್ದ. ಅವನು ಡ್ವೇನನ ಸರದಿ ಬರುವ ತನಕ ಉಳಿಯಬೇಕಾದರೆ ಅದಕ್ಕೂ ಮುಂಚೆ ಆರಿಸುವವರ ಕಣ್ಣು ಬೇರೆ ಕಡೆ ತಿರುಗಬೇಕು. ಅದಕ್ಕೆ ಡ್ವೇನ್ ಹಿಡಿದದ್ದು ಎಲಿಯಾಸ್ ಮಾಂಟೋಯನನ್ನು. ಮಾಂಟೋಯ ಹಳೆಯ ಹುಲಿ. ಈಚೆಗೆ ಚೆಂಡನ್ನು ಕೈಗಿಂತ ಹೆಚ್ಚಾಗಿ ಎದೆಯಿಂದ ತಡೆಯುತ್ತಿದ್ದ.

ಶುಕ್ರವಾರ ಕರಿದ ಮೀನಿನ ಊಟಕ್ಕೆ ಹೋದಾಗ, ಕಚೇರಿಯಲ್ಲಿ ಪಕ್ಕದ ಮೇಜಿನ ಸಹೋದ್ಯೋಗಿ ಲೈಲ್ ವಾಂಡರ್‌ಹೈಯ ಕಿವಿಗೆ ಡ್ವೇನ್ ಬಾಯಿ ಹಚ್ಚಿದ.

"ಲೈಲ್, ಯಾರಿಗೂ ಹೇಳ್ಬೇಡ. ಮಾಂಟೋಯ ಕಣ್ಣಿನ ಆಪರೇಷನ್ ಮಾಡಿಸ್ಕೊಂಡಿದಾನಂತೆ. ಈಗ ಚೆಂಡಿನ ಹೊಲಿಗೆ ಎಣಿಸ್ತಾನಂತೆ, ಗಾಳೀಲಿ ಬರ್ತಿರೋವಾಗ್ಲೇ!"

"ನನ್ನ ಕಿವಿಗೆ ಹೂ ಇಡ್ಬೇಡ ಕಣೋ."

"ಬೇಡ ಬಿಡು. ನಂಬಬೇಡ. ನಂಗೇ ಒಳ್ಳೇದು."

ಲೈಲ್ ಮೀನನ್ನು ಅರ್ಧಕ್ಕೆ ಬಿಟ್ಟು ಫೋನು ಮಾಡಲು ಹೊರಗೆ ಹೋದ. ಅವನ ಪಾಲಿನ ಮೀನನ್ನೂ ಡ್ವೇನ್ ತೃಪ್ತಿಯಿಂದ ತಿಂದ.

ಸೋಮವಾರದ ಹೊತ್ತಿಗೆ ಸುದ್ದಿ ಇಲಾಖೆಯನ್ನು ಒಂದು ಸುತ್ತು ಹಾಕಿ ಮೈ ತುಂಬಿಕೊಂಡು ಬಂತು. ಪಂದ್ಯಾವಳಿಯ ಅಧ್ಯಕ್ಷೆ ಬೆವ್ ಸ್ಕೋಗ್‌ಸ್ಟಾಡ್. ಇಲಾಖೆಯ ಮುಖ್ಯ ಗುಮಾಸ್ತೆಯೂ ಅವಳೇ. ಪರೀಕ್ಷೆಯಾಗದ ವಸ್ತು ಚಲಾವಣೆಯಲ್ಲಿರುವುದು ಅವಳಿಗೆ ಆಗದು. ಮಧ್ಯಾಹ್ನವೇ ಕಾಫಿ ಯಂತ್ರದ ಮೇಲೆ ಪ್ರಕಟಣೆ ಅಂಟಿತು:

"ಮಾಂಟೋಯ ಎಂಬುವರ ಕಣ್ಣುಗಳ ಬಗ್ಗೆ ಹಬ್ಬಿರುವ ಸುದ್ದಿಯನ್ನು ಮೂವರು ಸದಸ್ಯರು ಪ್ರತ್ಯೇಕವಾಗಿ ವರದಿ ಮಾಡಿರುವುದರಿಂದ, ಸದರಿ ಸುದ್ದಿಯನ್ನು ನಿಜವಾಗಲು ಅರ್ಹವೆಂದು ಪರಿಗಣಿಸಲಾಗಿದೆ. ಹಿರಿಯ ಪರಿವೀಕ್ಷಕರು ತಪಾಸಣೆ ನಡೆಸಿ ಮೊಹರು ಹಾಕತಕ್ಕದ್ದು. ಸುದ್ದಿ ಸುಳ್ಳೆಂದು ಕಂಡುಬಂದಲ್ಲಿ ಅದನ್ನು ಹುಟ್ಟಿಸಿದವರು ಕುರ್ಚಿಯನ್ನು ತಕ್ಷಣ ತೆರವು ಮಾಡತಕ್ಕದ್ದು."

ಹಿರಿಯ ಪರಿವೀಕ್ಷಕ ಡ್ವೇನೇ. ಆ ಮೂವರಿಗೂ ಸುದ್ದಿ ಮುಟ್ಟಿದ್ದು, ಸುತ್ತಿಬಳಸಿಯಾದರೂ, ಅವನ ಬಾಯಿಂದಲೇ. ಬಾಯಿ ಬಿಟ್ಟರೆ ಬಣ್ಣಗೇಡು. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದು ಎಲ್ಲರಿಗೂ ಆಗುವಂಥದ್ದು. ಬಿದ್ದ ಹಳ್ಳದ ಆಳ ಅಳೆದು ಪ್ರಮಾಣೀಕರಿಸುವ ಯೋಗ ಸರ್ಕಾರಿ ನೌಕರನಿಗೆ ಮಾತ್ರ.

"ಬೆವ್, ಅವನಿರೋದು ಅರಿಜೋನಾದಲ್ಲಿ," ಎಂದು ಕೊಸರಾಡಿದ. "ಇಲ್ಲಿಂದ ನಾನ್ ಹೇಗೆ ಅವನ ಕಣ್ಣು ನೋಡ್ಲಿ?"

"ಫೋಟೋ ಇದೆಯಲ್ಲ," ಎಂದಳು ಬೆವ್. "ಫೋಟೋದಲ್ಲಿ ಕಣ್ಣೂ ಇದೆ. ನೋಡಿ."

ತಪಾಸಣೆ ನಿಯಮಾನುಸಾರ ನಡೆಯಿತು. ಮಾಂಟೋಯನ ಭಾವಚಿತ್ರದ ಎದುರು ಕಣ್ಣಿನ ವೈದ್ಯರ ಅಕ್ಷರಪಟ್ಟಿ ಹಿಡಿಯಲಾಯಿತು. ಭಾವಚಿತ್ರ ಯಾವ ಅಕ್ಷರವನ್ನೂ ತಪ್ಪಾಗಿ ಓದಲಿಲ್ಲ. ರೆಪ್ಪೆಯನ್ನೂ ಮಿಟುಕಿಸಲಿಲ್ಲ, ಇದನ್ನು ಏಕಾಗ್ರತೆ ಎಂದು ದಾಖಲಿಸಲಾಯಿತು. ಡ್ವೇನ್ ಸಹಿ ಹಾಕಿ ಹಣೆಯ ಮೇಲೆ ಹಸಿರು ಮೊಹರು ಅಂಟಿಸಿದ. ಚಿತ್ರವನ್ನು ಸಭಾಕೊಠಡಿಯ ಗೋಡೆಗೆ ಏರಿಸಿದರು.

ಆಯ್ಕೆಯ ದಿನ ಬಂತು. ಡ್ವೇನ್ ಅಪ್ಪನ ಕುರ್ಚಿಯಲ್ಲಿ, ಗುಳಿಯಲ್ಲಿ ಮೊಣಕೈ ಇಟ್ಟು ಕೂತಿದ್ದ. ಅವನ ಎಣಿಕೆ ಅಕ್ಷರಶಃ ಫಲಿಸಿತು. ಅವನಿಗಿಂತ ಮುಂಚೆ ಆರಿಸಿದವರೆಲ್ಲ, ಮಾಂಟೋಯನ ಗುಟ್ಟು ಎಲ್ಲರಿಗೂ ಗೊತ್ತು ಎಂಬುದನ್ನು ಮರೆತು, ತಾನೊಬ್ಬನೇ ಅವನನ್ನು ಎರಡನೇ ಸುತ್ತಿನಲ್ಲಿ ಮೆಲ್ಲಗೆ ಎಗರಿಸುತ್ತೇನೆಂದು ಮೊದಲ ಸುತ್ತಿನಲ್ಲಿ ಬೇರೆ ಸ್ಥಾನಗಳ ಆಟಗಾರರನ್ನು ಆರಿಸಿದರು. ಸರದಿ ಡ್ವೇನನಿಗೆ ಬಂದಾಗ ಬ್ರಿಸೆನ್ಯೊ, ಹಾಲುಕೆನೆಯಂಥ ಬ್ರಿಸೆನ್ಯೊ, ಯಾರೂ ಮುಟ್ಟದೆ ಹಾಗೇ ಉಳಿದಿದ್ದ. ಒಂದು ಹೆಸರು ಹೇಳಿದರೆ ಸಾಕು, ಕುರ್ಚಿ ಉಳಿದಂತೆ.

ಡ್ವೇನ್ ಬಾಯಿ ತೆರೆದ. ಅಷ್ಟರಲ್ಲಿ ಗೋಡೆಯತ್ತ ಕಣ್ಣು ಹೋಯಿತು. ಹಸಿರು ಮೊಹರು. ಅದರ ಕೆಳಗೆ ಸಹಿ. ನೌಕರಿ ಸೇರಿದಾಗಿನಿಂದ ಆ ಸಹಿ ಬಿದ್ದ ಒಂದು ತಕ್ಕಡಿಯೂ ಸುಳ್ಳಾಗಿರಲಿಲ್ಲ. ಲೈಲ್ ನಂಬಿದ್ದಾನೆ. ಬೆವ್ ನಂಬಿದ್ದಾಳೆ. ಇಷ್ಟು ಜನ ಸುಮ್ಮನೆ ನಂಬುತ್ತಾರೆಯೇ? ಬೆಂಕಿಯಿಲ್ಲದೆ ಹೊಗೆ ಬರುತ್ತದೆಯೇ? ಹೊಗೆ ಹಾಕಿದವನು ತಾನೇ ಎಂಬುದು ಅವನಿಗೆ ಆ ಗಳಿಗೆಯಲ್ಲಿ ಸಣ್ಣ ತಾಂತ್ರಿಕ ಅಂಶವಾಗಿ ಕಂಡಿತು.

"ಮಾಂಟೋಯ," ಎಂದ ಡ್ವೇನ್.

ಕೊಠಡಿಯಲ್ಲಿ ಒಂದು ನರಳಾಟ ಎದ್ದಿತು.

"ಥೂ ನಿನ್ನ! ಮುಂದಿನ ಸುತ್ತಿಗೆ ನಾನ್ ಹಾಕ್ಕೊಂಡಿದ್ದೆ ಕಣೋ ಅವನ್ನ!" ಎಂದು ಮೇಜು ಗುದ್ದಿದ ಲೈಲ್, ಸೂತಕದ ಮುಖ ಮಾಡಿಕೊಂಡು ಗತಿಯಿಲ್ಲದೆ ಬ್ರಿಸೆನ್ಯೊನನ್ನು ಆರಿಸಿದ. ಡ್ವೇನನಿಗೆ ಅವನ ಮೇಲೆ ಕನಿಕರ ಉಕ್ಕಿಬಂತು.

ಆಟದ ಋತು ಶುರುವಾದ ಮೊದಲ ವಾರವೇ ಮಾಂಟೋಯ ಪತ್ರಕರ್ತರನ್ನು ಕರೆದು, "ನಂಗೆ ಚೆಂಡೇ ಕಾಣ್ತಿಲ್ಲ ಕಣ್ರಪ್ಪಾ, ಸಾಕು," ಎಂದು ಹೇಳಿ ನಿವೃತ್ತನಾಗಿ ಮೀನು ಹಿಡಿಯಲು ಹೋದ.

ತುರ್ತು ಸಭೆ ಸೇರಿತು. ಡ್ವೇನ್ ಇಂಗು ತಿಂದ ಮಂಗನ ಹಾಗೆ ಕೂತಿದ್ದ. ಬೆವ್ ಎದ್ದು ತೀರ್ಪು ಓದಿದಳು: ಕಣ್ಣುಗಳಿಗೆ ಮೊಹರು ಬಿದ್ದಿದೆ, ಮಾಂಟೋಯನ ಹೇಳಿಕೆಗೆ ಬಿದ್ದಿಲ್ಲ, ಆದ್ದರಿಂದ ಅವನಿಗೆ ಚೆಂಡು ಕಾಣುತ್ತಿದೆ. ಕಾಣುತ್ತಿಲ್ಲವೆಂಬುದು ಅವನ ವೈಯಕ್ತಿಕ ಅಭಿಪ್ರಾಯ.

ಡ್ವೇನನಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ನಂಗೆ ಅಂಕ ಸಿಗುತ್ತೆ ಅಲ್ವಾ?"

"ಮೊಹರು ಕಣ್ಣಿಗೆ ಡ್ವೇನ್, ಬ್ಯಾಟಿಗಲ್ಲ. ಅವರು ಸ್ಪಷ್ಟವಾಗಿ ನೋಡ್ತಾ ಮನೇಲಿದಾರೆ. ನೋಡೋದಕ್ಕೆ ಅಂಕ ಇಲ್ಲ."

ಇದು ಎಲ್ಲರಿಗೂ ನ್ಯಾಯವೆಂದು ಕಂಡಿತು. ಡ್ವೇನನಿಗೂ ಕಂಡಿತು; ಅವನ ಜಾಯಮಾನವೇ ಹಾಗೆ. ಲೈಲ್ ಅಳುತ್ತಳುತ್ತಲೇ ಬ್ರಿಸೆನ್ಯೊನ ಹೆಗಲೇರಿ ಮೊದಲ ಸ್ಥಾನ ಗೆದ್ದ. ಡ್ವೇನ್ ಕೊನೆಗೆ ಬಂದ.

ಮುಂದಿನ ವಸಂತದಲ್ಲಿ ಅಪ್ಪನ ಕುರ್ಚಿಯ ಮೇಲೆ ನೀಲಿ ದಿಂಬು ಬಂತು, ದಿಂಬಿನ ಮೇಲೆ ಲೋರ್ನಾ ಬಂದಳು. ಅವಳ ಮೊಣಕೈ ಆ ಗುಳಿಗೆ ಸರಿಯಾಗಿ ಕೂತಿತು. ಅದನ್ನು ಕಂಡು ಡ್ವೇನ್ ಒಳಗೇ ಮುಖ ತಿರುಗಿಸಿಕೊಂಡ, ಆದರೆ ಸಾಸೇಜ್ ವೇಷದ ಒಳಗಿದ್ದುದರಿಂದ ಯಾರಿಗೂ ಕಾಣಲಿಲ್ಲ. ಅವನು ಕರ್ತವ್ಯದ ಮೇಲೆ ಬಂದಿದ್ದ: ಗೋಡೆಯ ಮೇಲಿನ ಮೊಹರಿನ ಅವಧಿ ಮುಗಿದಿತ್ತು, ನವೀಕರಿಸಬೇಕಿತ್ತು. ನವೀಕರಿಸದಿದ್ದರೆ ಕಾರಣ ಬರೆಯಬೇಕು. ಅವನು ನವೀಕರಿಸಿದ.

ಮೊದಲ ಸರದಿ ಹೊಸ ಸದಸ್ಯರದು.

"ಮಾಂಟೋಯ," ಎಂದಳು ಲೋರ್ನಾ.

"ಲೇ, ಅವನು ಆಟ ಬಿಟ್ಟು ಮೀನು ಹಿಡೀತಿದಾನೆ ಕಣೆ!" ಎಂದು ಸಾಸೇಜ್ ಕೂಗಿತು.

"ಕಣ್ಣು ಚೆನ್ನಾಗಿದೆ ಅಂತ ಈಗ ತಾನೇ ಸಹಿ ಹಾಕಿದೆಯಲ್ಲೋ," ಎಂದಳು ಲೋರ್ನಾ. "ನಿನ್ನ ಸಹಿ ನಂಬದೆ ಇನ್ಯಾರನ್ನ ನಂಬ್ಲಿ?"

ಮೇಜಿನ ಸುತ್ತ ಎಲ್ಲರೂ ನರಳಿದರು. "ಛೆ, ನಾನೂ ಅವನನ್ನೇ ಅಂದ್ಕೊಂಡಿದ್ದೆ," ಎಂದ ಲೈಲ್. ಬೆವ್ ಆಯ್ಕೆಯನ್ನು ದಾಖಲಿಸಿಕೊಂಡಳು.

ಡ್ವೇನ್ ವೇಷದ ಕಣ್ಣುತೂತಿನಿಂದ ಗೋಡೆಯತ್ತ ನೋಡಿದ. ಮಾಂಟೋಯ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದ. ಒಂದು ವರ್ಷ ಪೂರ್ತಿ ವಿಶ್ರಾಂತಿ ಪಡೆದ ಕಣ್ಣುಗಳು, ಮೊಹರು ಬೇರೆ ಹೊಸದು. ಇಂಥವನು ಹೆಂಡತಿಯ ಪಾಲಾದನಲ್ಲ ಎಂದು ಅವನಿಗೆ ಹೊಟ್ಟೆ ಉರಿಯಿತು.